ದೇವದುರ್ಗದ ಮಷೀನು ಬಿಡದ ಇಪ್ಪತ್ತು ಲೈನು

ಇದನ್ನು ನಾನು ಮೊದಲು ಹೇಳಿದ್ದು ನಮ್ಮವ್ವನಿಗೆ. ಪೂರ್ತಿ ಕೇಳಿ, "ನಿದ್ದಿಗೆಟ್ಟು ಏನೇನೋ ಕಂಡೀಯವ್ವಾ," ಎಂದಳು. ನಾನು ನಿದ್ದೆಗೆಟ್ಟಿರಲಿಲ್ಲ. ಆ ಸಂಜೆ ಎರಡು ಗಂಟೆ ಚೆನ್ನಾಗಿ ಮಲಗಿ ಎದ್ದು, ರೊಟ್ಟಿ ತಿಂದೇ ಹೋಗಿದ್ದೆ. ಜ್ವರವೂ ಇರಲಿಲ್ಲ. ದೆವ್ವ ಭೂತ ನಂಬುವ ಮನೆಯಲ್ಲಿ ಬೆಳೆದವಳೂ ನಾನಲ್ಲ. ಅಂಥ ಮಾತು ಎತ್ತಿದವರನ್ನು ನಮ್ಮಪ್ಪ ಅಂಗಳದಿಂದಲೇ ಕಳಿಸಿಬಿಡುತ್ತಿದ್ದ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅರ್ಥ ಕೇಳಬೇಡಿ, ನನಗೇ ಆಗಿಲ್ಲ.

ನನ್ನ ಹೆಸರು ಸುಜಾತಾ. ಊರು ಮಾನ್ವಿ ಕಡೆಯ ಮಲ್ಲಟ. ಯರಗೇರಾದಲ್ಲಿ ಕಂಪ್ಯೂಟರ್ ಓದು ಮುಗಿಸಿ, ರಾಯಚೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವ ಒಂದು ಟ್ರಸ್ಟ್‌ಗೆ ಕೆಲಸಕ್ಕೆ ಸೇರಿದ್ದೆ. ಹಾಸ್ಟೆಲ್ ಸೀಟಿನ ಅರ್ಜಿ, ಅಂಕ, ಆಯ್ಕೆಪಟ್ಟಿ ಎಲ್ಲ ಒಂದು ವೆಬ್‌ಸೈಟಿನಲ್ಲಿ ನಡೆಯುತ್ತಿತ್ತು. ಅದನ್ನು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವನು ಶರಣಪ್ಪ. ನಾನು ಅವನ ಕೈಕೆಳಗೆ ಕಲಿತವಳು.

ಶರಣಣ್ಣ ಎಂದೇ ಕರೆಯುತ್ತಿದ್ದೆ. ಆಗ 'ಅವರು' ಎಂದು ಬಾಯಿತುಂಬ ಮರ್ಯಾದೆ ಕೊಡುತ್ತಿದ್ದೆ, ಈಗ ಅಷ್ಟು ಬಾಯಿ ಬರುವುದಿಲ್ಲ. ಮೊದಲ ವಾರ ಪರದೆಯ ತುಂಬ ಕೆಂಪು ಎರರ್ ಬಂದು ನಾನು ಅಳುತ್ತ ಕೂತಾಗ, ಚಹಾ ತರಿಸಿಕೊಟ್ಟು, "ಯವ್ವಾ, ಎರರ್ ಬೈಯೂದಲ್ಲ, ದಾರಿ ತೋರಸ್ತದ. ಕಡೀತನಕ ಓದು," ಎಂದಿದ್ದ. ಆ ಮಾತಿಗೆ ನಾನು ಇವತ್ತಿಗೂ ಋಣಿ. ಅದಕ್ಕೇ ಇಷ್ಟು ಸಿಟ್ಟು.

ಕಥೆ ತಿಳಿಯಲು ಒಂದೇ ವಿಷಯ ಗೊತ್ತಿದ್ದರೆ ಸಾಕು. ಜನ ನೋಡುವ ಪುಟವನ್ನು ಕೊಡುವುದು ವೆಬ್ ಸರ್ವರ್. ಮಾಹಿತಿ ಇರುವುದು ಡೇಟಾಬೇಸ್‌ನಲ್ಲಿ. ನಮ್ಮ ಡೇಟಾಬೇಸ್‌ಗೆ ಒಟ್ಟು ಇಪ್ಪತ್ತು ಲೈನು ಇಟ್ಟಿದ್ದೆವು, ನೀರಿನ ಟ್ಯಾಂಕಿಗೆ ಇಪ್ಪತ್ತು ನಲ್ಲಿ ಇದ್ದ ಹಾಗೆ. ವೆಬ್ ಸರ್ವರ್ ಆಗಲಿ, ದೇವದುರ್ಗ, ಮಾನ್ವಿ, ಸಿರವಾರದ ಅರ್ಜಿ ಕೇಂದ್ರಗಳ ಮಷೀನುಗಳಾಗಲಿ, ಒಂದು ಲೈನು ಹಿಡಿದು, ಕೆಲಸ ಮುಗಿಸಿ ಬಿಡಬೇಕು. ಹಿಡಿದವರು ಬಿಡದೇ ಹೋದರೆ ಉಳಿದವರು ಕಾಯುತ್ತ ಕೂರಬೇಕು.

ದಿನಾ ರಾತ್ರಿ ಒಂಬತ್ತಕ್ಕೆ ಶರಣಪ್ಪ ಎಲ್ಲವನ್ನೂ ರೀಸ್ಟಾರ್ಟ್ ಮಾಡುತ್ತಿದ್ದ. "ಸರ್ವರ್‌ಗೂ ನಿದ್ದಿ ಬೇಕಲೇ," ಎಂದು ನಗುತ್ತಿದ್ದ. ರೀಸ್ಟಾರ್ಟ್ ಆದ ಕೂಡಲೇ, ಆ ದಿನ ಯಾರು ಯಾವ ದಾಖಲೆ ತಿದ್ದಿದರು ಎಂಬ ಪಟ್ಟಿಯನ್ನು ಅವನ ಪ್ರೋಗ್ರಾಂ ಅಳಿಸಿಹಾಕುತ್ತಿತ್ತು. ಜಾಗ ಉಳಿಸಲಿಕ್ಕೆ ಎಂದುಕೊಂಡಿದ್ದೆ.

ಇನ್ನೊಂದು ಸಂಗತಿ ಹೇಳಲು ನಾಚಿಕೆಯಾಗುತ್ತದೆ. ನನ್ನ ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು. ಹೊರಗಿನವರಿಗೆ ಇದು ಮೂರ್ಖತನ ಎನಿಸಬಹುದು. ನಮ್ಮ ಆಫೀಸಿನಲ್ಲಿ ಎಲ್ಲರ ಪಾಸ್‌ವರ್ಡೂ ಎಲ್ಲರಿಗೂ ಗೊತ್ತಿರುತ್ತಿತ್ತು. ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಯೇ ಇಡುತ್ತಿದ್ದೆವು. ಬಾಯಲ್ಲಿ ಅಣ್ಣಾ ಎಂದು, ಅವನಿಂದಲೇ ಪಾಸ್‌ವರ್ಡ್ ಬಚ್ಚಿಟ್ಟರೆ ಅವಮಾನ ಮಾಡಿದ ಹಾಗೆ. ಒಮ್ಮೆ ನಾನು ಬದಲಾಯಿಸಿದಾಗ, "ಯಾಕವ್ವಾ, ನಾ ಕಳ್ಳೇನು?" ಎಂದು ಮುಖ ಸಣ್ಣದು ಮಾಡಿಕೊಂಡಿದ್ದ. ಅವತ್ತೇ ಹೊಸದನ್ನೂ ಚೀಟಿಯಲ್ಲಿ ಬರೆದುಕೊಟ್ಟೆ.

ದೇವದುರ್ಗದ ಕೇಂದ್ರದಲ್ಲಿ ಕೂರುತ್ತಿದ್ದವಳು ಹುಲಿಗೆಮ್ಮ. ನನಗಿಂತ ಹತ್ತು ವರ್ಷ ದೊಡ್ಡವಳು. ಹಲ್ಲುನೋವಿಗೆಂದು ಸದಾ ಬಾಯಲ್ಲಿ ಲವಂಗ. ಈ ವರ್ಷ ಭೀಮಬಾಯಿ ಎಂಬ ತಾಂಡಾದ ಹುಡುಗಿಯ ಅರ್ಜಿ ಹಾಕಿಸಿ, ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದಳು.

"ಸುಜಾತಾ, ನಮ್ಮ ಭೀಮಬಾಯಿದು ಏನಾತು?"

"ಪಟ್ಟಿ ಬಂದಿಲ್ಲಕ್ಕಾ. ಬಂದ ಮ್ಯಾಲ ನಾನ ಹೇಳ್ತೀನಿ."

"ಸೀಟ್ ಸಿಗಲಿಲ್ಲಂದ್ರ ಆ ಹುಡುಗೀನ ಸಾಲಿ ಬಿಡಿಸಿ ಹತ್ತಿ ಬಿಡಸಾಕ ಹಚ್ಚತಾರ. ನೀ ಕಣ್ಣಿಟ್ಟಿರವ್ವಾ."

ಪಟ್ಟಿ ಬರುವ ಮೊದಲೇ ಹುಲಿಗೆಮ್ಮ ಕಾಮಾಲೆಯಾಗಿ ಹದಿನೈದೇ ದಿನದಲ್ಲಿ ಹೋಗಿಬಿಟ್ಟಳು. ಮಣ್ಣು ಮಾಡುವಾಗ ನಾನೂ ಹೋಗಿದ್ದೆ. ಆಮೇಲೆ ದೇವದುರ್ಗದ ಕೇಂದ್ರ ಮುಚ್ಚಿ, ಅವಳ ಮಷೀನನ್ನು ಗೋಣಿಚೀಲದಲ್ಲಿ ಕಟ್ಟಿ ರಾಯಚೂರಿಗೆ ತಂದರು. ನಮ್ಮ ಸರ್ವರ್ ಕೋಣೆಯ ಮೂಲೆಯಲ್ಲಿ ಅದು ಹಾಗೇ ಬಿದ್ದಿತ್ತು.

ಆಯ್ಕೆಪಟ್ಟಿ ಪ್ರಕಟವಾಗುವ ಹಿಂದಿನ ದಿನ ನಾನು ಮಲ್ಲಟದಲ್ಲಿದ್ದೆ. ನಮ್ಮಣ್ಣನ ಮಗುವಿನ ತೊಟ್ಟಿಲ ಕಾರ್ಯ. ಮಧ್ಯಾಹ್ನದ ಊಟ ಮುಗಿಸಿ ಬಸ್ ಹತ್ತಿ ರಾಯಚೂರಿಗೆ ಬಂದು, ಮಲಗಿ ಎದ್ದಿದ್ದೆ. ರಾತ್ರಿ ಹತ್ತಕ್ಕೆ ಶರಣಪ್ಪನ ಫೋನ್ ಬಂತು. ಅವನು ಮಾನ್ವಿಯಲ್ಲಿ, ಹೆಂಡತಿಯ ತವರಿನಲ್ಲಿ ಕುಬಸವೆಂದು, ಆ ಸೀಮಂತದ ಮನೆಯಲ್ಲಿದ್ದ.

"ಸೈಟ್ ಬಿದ್ದದ. ಇಲ್ಲಿಂದ ರೀಸ್ಟಾರ್ಟ್ ಮಾಡಿ ನೋಡೀನಿ, ಆಗವಲ್ದು. ನೀ ಹೋಗಿ ಸರ್ವರ್ ಬಂದ್ ಮಾಡಿ ಚಾಲೂ ಮಾಡಿ ಬಾ."

"ಏನಾಗ್ಯದ ನೋಡ್ಲೇನಣ್ಣಾ?"

"ಏನೂ ನೋಡಬ್ಯಾಡ. ಬಂದ್ ಮಾಡು, ಚಾಲೂ ಮಾಡು, ಬಂದ್ಬಿಡು. ಮುಂಜಾನಿ ಹತ್ತಕ್ಕ ಪಟ್ಟಿ ಕಾಣಲಿಲ್ಲಂದ್ರ ಇಬ್ಬರ ನೌಕರೀನೂ ಹೋಗ್ತದ."

ಆಫೀಸು ಇದ್ದದ್ದು ಹಳೆಯ ಕಲ್ಲಿನ ಮನೆಯ ಮೇಲ್ಮಹಡಿಯಲ್ಲಿ. ಸ್ಕೂಟಿ ನಿಲ್ಲಿಸಿದೆ. ಕಾವಲಿನ ಖಾಜಾ ಚಾಚಾ ಬೀಗದ ಕೈ ಹಿಡಿದು, ನನ್ನನ್ನೊಮ್ಮೆ ಮೆಟ್ಟಿಲನ್ನೊಮ್ಮೆ ನೋಡಿದ.

"ನೀ ಈಗ ಬಂದೇನು ಬೇಟಿ? ಮ್ಯಾಲ ಆಗಿಂದ ಟಕಟಕ ಅನ್ನಾಕತ್ತಿತ್ತು... ನೀನ ಒಳಗ ಕೂತು ಟೈಪ್ ಮಾಡಾಕತ್ತಿ ಅನ್ಕಂಡಿದ್ದೆ."

"ಬೀಗ ಇತ್ತಲ್ಲ ಚಾಚಾ?"

"ಅದ ಮತ್ತ... ಬೀಗದ ಕೈ ನನ್ನ ಹತ್ರನ ಅದ."

ಇಲಿ ಇರಬೇಕು ಎಂದೆ. ಅವನು ಹೂಂ ಎಂದ. ಮೇಲಕ್ಕೆ ಮಾತ್ರ ಬರಲಿಲ್ಲ.

ಬಾಗಿಲು ತೆಗೆದೆ. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಸರ್ವರ್ ಫ್ಯಾನಿನ ಗುಂಯ್ ಸದ್ದು... ಹಳೆಯ ಫೈಲುಗಳ ವಾಸನೆ... ಅದರ ನಡುವೆ, ತೆಳ್ಳಗೆ, ಲವಂಗ.

ಯಾರೋ ಸಂಜೆ ತಿಂದು ಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡು ಕೂತೆ.

ವೆಬ್ ಸರ್ವರ್ ಚೆನ್ನಾಗಿಯೇ ನಡೆಯುತ್ತಿತ್ತು. ಅದು ಬರೆದಿಡುವ ಲಾಗ್ ಪುಟದ ತುಂಬ ಒಂದೇ ದೂರು: ಕನೆಕ್ಷನ್ ಸಿಗುತ್ತಿಲ್ಲ, ಕಾದು ಸಾಕಾಯಿತು. ಬಂದ್ ಮಾಡಿ ಚಾಲೂ ಮಾಡಿದ್ದರೆ ಐದು ನಿಮಿಷದ ಕೆಲಸ. ಆದರೆ ಬೇಡ ಎಂದದ್ದನ್ನು ನೋಡುವ ಚಾಳಿ ನನ್ನದು ಚಿಕ್ಕಂದಿನಿಂದಲೂ ಇದೆ. ಆ ಇಪ್ಪತ್ತರ ಹೊರತಾಗಿ, ಸರ್ವರ್ ಕೋಣೆಯಲ್ಲಿ ಕೂತವರ ಉಸ್ತುವಾರಿಗೆಂದು ಬೇರೆಯೇ ಒಂದು ಲೈನಿತ್ತು, ಅದರಲ್ಲಿ ದಾಖಲೆ ನೋಡಬಹುದು, ತಿದ್ದಲಾಗದು. ಅದರಿಂದ ಒಳಗೆ ಹೋಗಿ, ಇಪ್ಪತ್ತನ್ನೂ ಯಾರು ಹಿಡಿದಿದ್ದಾರೆ ಎಂದು ಕೇಳಿದೆ.

ಇಪ್ಪತ್ತು ಸಾಲು ಬಂತು. ಇಪ್ಪತ್ತರಲ್ಲೂ ಒಂದೇ ಮಷೀನಿನ ಹೆಸರು... ದೇವದುರ್ಗ ೨.

ಅದು ಹುಲಿಗೆಮ್ಮನ ಮಷೀನು.

ನಾನು ನಿಧಾನಕ್ಕೆ ಕುರ್ಚಿ ತಿರುಗಿಸಿದೆ. ಮೂಲೆಯಲ್ಲಿ ಗೋಣಿಚೀಲ ಇದ್ದಲ್ಲೇ ಇತ್ತು. ಬಾಯಿಗೆ ಸುತ್ತಿದ ಹಗ್ಗವೂ ಹಾಗೇ ಇತ್ತು. ಅದಕ್ಕೆ ಕರೆಂಟಿನ ವೈರಿಲ್ಲ, ನೆಟ್‌ವರ್ಕಿನ ವೈರಿಲ್ಲ.

ಯಾರೋ ಬೇರೆ ಮಷೀನಿಗೆ ಅದೇ ಹೆಸರು ಇಟ್ಟಿರಬೇಕು ಎಂದುಕೊಂಡು ಒಂದು ಲೈನನ್ನು ಕತ್ತರಿಸಿದೆ. ಹತ್ತೊಂಬತ್ತಾಗಬೇಕಿತ್ತು. ಇಪ್ಪತ್ತೇ ಇತ್ತು. ಇನ್ನೈದು ಕತ್ತರಿಸಿದೆ.

ಟಕ... ಟಕ... ಟಕ...

ಸದ್ದು ಮೂಲೆಯಿಂದ ಬಂತು. ಮತ್ತೆ ಇಪ್ಪತ್ತು.

ಓಡಬೇಕೆನಿಸಿತು. ಕುರ್ಚಿಯನ್ನು ಮತ್ತೆ ಪರದೆಯ ಕಡೆ ತಿರುಗಿಸಿದೆ. ಆ ಹೊತ್ತಿಗೆ ನನಗೆ ಉಳಿದಿದ್ದ ಧೈರ್ಯವೆಲ್ಲ ಶರಣಪ್ಪ ಕಲಿಸಿದ್ದೇ: ಕಡೀತನಕ ಓದು. ಆ ಲೈನುಗಳು ಏನು ಕೇಳುತ್ತಿವೆ ಎಂದು ನೋಡಿದೆ. ಇಪ್ಪತ್ತೂ ಒಂದೇ ಪ್ರಶ್ನೆ ಹಿಡಿದು ಕೂತಿದ್ದವು: ಭೀಮಬಾಯಿಯ ಅರ್ಜಿಯನ್ನು ಇವತ್ತು ತಿದ್ದಿದವರು ಯಾರು?

ಅದೇ ಪ್ರಶ್ನೆಯನ್ನು ನಾನೂ ಕೇಳಿದೆ. ಉತ್ತರ ಒಂದೇ ಸಾಲು. ಬೆಳಿಗ್ಗೆ ಹನ್ನೊಂದೂ ನಲವತ್ತು. ಅಂಕ ತೊಂಬತ್ತೊಂದು ಇದ್ದದ್ದು ಅರವತ್ತೊಂದು ಆಗಿದೆ. ತಿದ್ದಿದವರು: ಸುಜಾತಾ.

ಹನ್ನೊಂದೂ ನಲವತ್ತಕ್ಕೆ ನಾನು ಮಲ್ಲಟದಲ್ಲಿ ಅಣ್ಣನ ಮಗುವನ್ನು ತೊಟ್ಟಿಲಿಗೆ ಹಾಕುತ್ತಿದ್ದೆ.

ಸಾಲಿನ ಕೊನೆಯಲ್ಲಿ ಮಷೀನಿನ ಹೆಸರಿತ್ತು. ಶರಣಪ್ಪನ ಲ್ಯಾಪ್‌ಟಾಪ್. ಪಟ್ಟಿ ತೆಗೆದು ನೋಡಿದೆ. ಭೀಮಬಾಯಿ ಕೆಳಗೆ ಜಾರಿ ಹೊರಬಿದ್ದಿದ್ದಳು. ಕೊನೆಯ ಸೀಟಿಗೆ ಮಾನ್ವಿಯ ಒಂದು ಹೆಸರು ಬಂದು ಕೂತಿತ್ತು, ಅವನ ಹೆಂಡತಿಯ ಅಕ್ಕನ ಮಗಳದ್ದು.

ಆಗ ತಿಳಿಯಿತು, ಏನೂ ನೋಡಬ್ಯಾಡ ಎಂದದ್ದು ಯಾಕೆಂದು. ಒಂಬತ್ತಕ್ಕೆ ರೀಸ್ಟಾರ್ಟ್ ಮಾಡಿ ಈ ಸಾಲನ್ನು ಅಳಿಸಲು ನೋಡಿದ್ದ. ಲೈನು ಸಿಕ್ಕಿರಲಿಲ್ಲ. ಅದಕ್ಕೆ ನನ್ನನ್ನು ಕಳಿಸಿದ್ದ. ನನ್ನ ಹೆಸರಿನಿಂದ ಮಾಡಿದ ಕೆಟ್ಟ ಕೆಲಸವನ್ನು ನನ್ನ ಕೈಯಿಂದಲೇ ಅಳಿಸಬೇಕಿತ್ತು.

ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಅಣ್ಣಾ ಅಣ್ಣಾ ಎಂದು ಹಿಂದೆ ತಿರುಗಿದ ನನ್ನ ನಾಲಿಗೆಯ ಮೇಲೇ ಹೇಸಿಗೆಯಾಯಿತು.

ಫೋನ್ ಬಂತು.

"ಆತೇನು?"

"ಹನ್ನೊಂದೂ ನಲವತ್ತಕ್ಕ ನನ್ನ ಹೆಸರ್ಲೆ ಒಳಗ ಬಂದಾವರು ಯಾರಣ್ಣಾ?"

ಆ ಕಡೆ ಹೆಂಗಸರ ಹಾಡು ಕೇಳುತ್ತಿತ್ತು. ಅವನು ಎದ್ದು ದೂರ ಹೋದದ್ದು ತಿಳಿಯಿತು.

"ಒಂದು ಸೀಟಿಂದು ಯಾಕ ತಲಿ ಕೆಡಿಸ್ಕೋತಿ? ಬಂದ್ ಮಾಡಿ ಮನಿಗೆ ಹೋಗು."

"ಯಾರು ಅಂತ ಕೇಳಿದೆ."

"ಹೆಸರು ಯಾರದದ, ಅವರs. ಪಾಸ್‌ವರ್ಡ್ ನಾ ಕಸಗೊಂಡಿಲ್ಲ, ನೀನ ಬರ್ದು ಕೊಟ್ಟೀದಿ."

ಫೋನ್ ಇಟ್ಟ.

ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದುಕೊಂಡೆ. ಅಂಕವನ್ನು ಮತ್ತೆ ತೊಂಬತ್ತೊಂದು ಮಾಡಬೇಕಿತ್ತು. ಅದು ಸೈಟಿನ ಮೂಲಕವೇ ಆಗಬೇಕು, ಸೈಟಿಗೆ ಒಂದು ಲೈನು ಬೇಕು. ಇಪ್ಪತ್ತೂ ಬಿಗಿ. ಸರ್ವರ್ ಬಂದ್ ಮಾಡಿದರೆ ಲೈನು ಬಿಡುತ್ತವೆ, ಆದರೆ ಸಾಲೂ ಅಳಿಯುತ್ತದೆ.

ಎಷ್ಟು ಹೊತ್ತು ಕೂತಿದ್ದೆನೋ. ಲವಂಗದ ವಾಸನೆ ಈಗ ಗಾಢವಾಗಿತ್ತು, ಯಾರೋ ಭುಜದ ಹಿಂದೆಯೇ ನಿಂತು ಉಸಿರಾಡಿದಷ್ಟು ಹತ್ತಿರ. ನಾನು ತಿರುಗಲಿಲ್ಲ. ಪರದೆ ನೋಡುತ್ತಲೇ ಮೆಲ್ಲಗೆ ಹೇಳಿದೆ.

"ಹುಲಿಗೆಕ್ಕಾ... ಒಂದು ಲೈನ್ ಬಿಡು. ಭೀಮಬಾಯಿದು ಸರಿ ಮಾಡ್ತೀನಿ."

ಇಪ್ಪತ್ತು...

ಇಪ್ಪತ್ತು...

ಹತ್ತೊಂಬತ್ತು.

ಸೈಟ್ ತೆರೆಯಿತು. ಅಂಕ ತಿದ್ದಿ ಉಳಿಸಿದೆ. ಪಟ್ಟಿಯಲ್ಲಿ ಭೀಮಬಾಯಿಯ ಹೆಸರು ಮೇಲೇರಿ ತನ್ನ ಜಾಗದಲ್ಲಿ ನಿಂತಿತು. "ಆತಕ್ಕಾ," ಎಂದೆ. ಉಳಿದ ಲೈನುಗಳು ಒಂದೊಂದಾಗಿ ಬಿಡತೊಡಗಿದವು. ಕೊನೆಯದು ಬಿಟ್ಟಾಗ ಮೂಲೆಯ ಸದ್ದೂ ನಿಂತಿತು.

ಹೊರಡುವಾಗ ಗೋಣಿಚೀಲವನ್ನು ಮುಟ್ಟಿದೆ. ಮುಟ್ಟಬಾರದಿತ್ತು. ಹಗಲೆಲ್ಲ ದುಡಿದ ಮಷೀನಿನ ಬೆನ್ನು ಹೇಗಿರುತ್ತದೋ ಹಾಗೆ ಬಿಸಿಯಾಗಿತ್ತು.

ಮಾರನೆಯ ದಿನ ಪಟ್ಟಿ ಬಂತು. ಕಾಗದದ ಅರ್ಜಿಯಲ್ಲೂ ತೊಂಬತ್ತೊಂದೇ ಇದ್ದುದರಿಂದ ಭೀಮಬಾಯಿಯ ಸೀಟನ್ನು ಯಾರೂ ಅಲುಗಾಡಿಸಲಿಲ್ಲ. ನನ್ನ ನೌಕರಿ ಹೋಯಿತು. ಫೋಟೊ ತೋರಿಸಿ ನಾನೇ ದೂರು ಕೊಟ್ಟ ಮೇಲೆ, ಟ್ರಸ್ಟಿನ ಕಮಿಟಿಯ ಮುಂದೆ ಶರಣಪ್ಪ ತಲೆ ತಗ್ಗಿಸಿ, ಬಹಳ ನೊಂದವನ ಹಾಗೆ, "ತಂಗಿ ಅಂತ ನಂಬಿದ್ದೆ ಸರ್. ಲ್ಯಾಪ್‌ಟಾಪ್ ಆಫೀಸಿನ್ಯಾಗs ಇತ್ತು, ಯಾರು ಬೇಕಾದ್ರೂ ಮುಟ್ಟತಿದ್ರು," ಎಂದ. ಅಂಕ ತಗ್ಗಿಸಿದವಳೂ ಏರಿಸಿದವಳೂ ನಾನೇ ಎಂದು ದಾಖಲೆ ಹೇಳುತ್ತಿತ್ತು. ನಾನು ಮಲ್ಲಟದಲ್ಲಿದ್ದೆ ಎನ್ನಲು ತೊಟ್ಟಿಲಿಗೆ ಬಂದ ಓಣಿಯೆಲ್ಲ ಸಾಕ್ಷಿಯಿತ್ತು. ಆದರೆ ಅವರೆಲ್ಲ ನಮ್ಮ ಓಣಿಯವರು, ಕೂಲಿಗೆ ಹೋಗುವವರು. ಅವರನ್ನು ಕರೆದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಇಪ್ಪತ್ತು ಲೈನಿನ ಸಂಗತಿಯನ್ನು ನಾನೂ ಬಾಯಿ ಬಿಡಲಿಲ್ಲ. ಹುಚ್ಚಿ ಎಂಬ ಹೆಸರೊಂದು ಬಾಕಿ ಇತ್ತು.

ಈಗ ಸಿರವಾರದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ನಾನು ಬಿಟ್ಟ ಮೇಲೆ ನನ್ನ ಮಷೀನಿಗೂ ಗೋಣಿಚೀಲ ತೊಡಿಸಿ ಮೂಲೆಗಿಟ್ಟರೆಂದು ಖಾಜಾ ಚಾಚಾ ಫೋನಿನಲ್ಲಿ ಹೇಳಿದ್ದ.

ಹೋದ ತಿಂಗಳು ಒಂದು ರಾತ್ರಿ ಶರಣಪ್ಪನ ಫೋನ್ ಬಂತು. ಎತ್ತಬಾರದು ಎಂದುಕೊಂಡೇ ಎತ್ತಿದೆ. ಅವನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಸುಜಾತಾ... ಸರ್ವರ್ ಮುಂದ ಕೂತೀನಿ. ಇಪ್ಪತ್ತೂ ಲೈನು ಒಂದs ಮಷೀನು ಹಿಡದದ. ಕತ್ತರಿಸಿದ್ರ ಮತ್ತ ಬರಾಕತ್ತದ."

"ದೇವದುರ್ಗದ್ದೇನು?"

"ಅಲ್ಲ..." ಎಂದ. "ನಿಂದು."

ನಾನು ಎದ್ದು ಕೂತೆ. "ಏನು ಕೇಳಾಕತ್ತದ?"

"ಹನ್ನೊಂದೂ ನಲವತ್ತಕ್ಕ ಬಂದಾವರು ಯಾರು ಅಂತ... ಅದs ಸಾಲು. ಬಿಡು ಯವ್ವಾ. ನನ್ನ ಬಿಡಂತ ಅದಕ್ಕ ಹೇಳು."

ಹುಲಿಗೆಮ್ಮ ಸತ್ತವಳು, ಅವಳು ಬಂದು ಲೈನು ಹಿಡಿದದ್ದನ್ನು ಹೇಗೋ ಒಪ್ಪಿಕೊಂಡಿದ್ದೆ. ನಾನು ಬದುಕಿದ್ದೇನೆ. ಆ ಹೊತ್ತಿಗೆ ಸಿರವಾರದಲ್ಲಿ, ನನ್ನ ಹಾಸಿಗೆಯ ಮೇಲೆ, ಫೋನ್ ಹಿಡಿದು ಕೂತಿದ್ದೆ. ಅವನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲವೆಂದು ನನಗೆ ಗೊತ್ತಿತ್ತು. ನನ್ನನ್ನು ಇಲ್ಲಿ ಬಿಟ್ಟು ಅದು ಅಷ್ಟು ದೂರ ಹೋಗಿ ಕೂರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಬಿಡು ಎಂದು ಹೇಳಬಹುದಿತ್ತು. ಹೇಳಲಿಲ್ಲ.