ಮಣೆಯ ಮೇಲಿನ ಹದಿಮೂರು ದಿನ

ಗಲ್ಫಿಗೆ ಬಂದು ಸೇರಿದ ಮಗನ, ಹಮ್ರಿಯಾದ ಈ ಪುಟ್ಟ ಫ್ಲಾಟಿನಲ್ಲಿ, ಏಸಿಯ ಗಾಳಿ ನೇರ ಮಂಡಿಗೆ ಬಡಿಯದ ಒಂದು ಮೂಲೆ ಹುಡುಕಿ, ನಾನೂ ಮೊಮ್ಮಗಳು ದಿಶಾಳೂ ಚೆನ್ನೆಮಣೆ ಇಟ್ಟುಕೊಂಡು ಕೂರುತ್ತೇವೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರವಣಿಗೆ ಇದು, ವಾಕ್ಯ ದಾರಿ ತಪ್ಪಿದರೆ ನೀವೇ ಕೈಹಿಡಿದು ನಡೆಸಿ. ಸೀರೆಗಳ ನಡುವೆ ಸುತ್ತಿ ಊರಿನಿಂದ ತಂದ ಮರದ ಮಣೆ. ಎರಡು ಸಾಲು, ಹದಿನಾಲ್ಕು ಗುಳಿ, ಆಡಲು ಕೆಂಪು ಮಂಜೊಟ್ಟಿ ಬೀಜದ ಕಾಯಿ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿಯನ್ನು ಒಲಿಸಿಕೊಳ್ಳಲು ಗುಳಿಗಳಿಗೆ ಊರಿನ ಹೆಸರಿಟ್ಟೆ: ಸುಳ್ಯ, ಬೆಳ್ಳಾರೆ, ಪುತ್ತೂರು, ಬಂಟ್ವಾಳ, ಕೊನೆಗೆ ಮಂಗಳೂರು. ಕಾಯಿಗಳೋ, ಇನ್ನೂರು ವರ್ಷದ ಹಿಂದೆ ಇಂಗ್ಲಿಷರ ಕುಂಪಣಿ ಸರಕಾರದ ಕಂದಾಯ ತಾಳಲಾರದೆ ಎದ್ದು ನಿಂತ ರೈತರು. ಬೆಳ್ಳಾರೆಯ ಖಜಾನೆ ಹಿಡಿದು, ಊರು ದಾಟಿದ ಹಾಗೆ ಜನ ಹೆಚ್ಚುತ್ತ ಹೋಗಿ, ಮಂಗಳೂರು ಮುಟ್ಟುವಾಗ ದೊರೆಗಳು ದೋಣಿ ಹತ್ತಿ ಓಡಿದ್ದರು. ಅಲ್ಲಿನ ಗುಡ್ಡೆಯ ಮೇಲೆ ರೈತರ ಬಾವುಟ ಹಾರಿತು. ಹದಿಮೂರು ದಿನ ಅಲ್ಲಿ ಕುಂಪಣಿಯ ಆಳ್ವಿಕೆಯೇ ಇರಲಿಲ್ಲ.

"ಮತ್ತೆ ಎಂತ ಆಯ್ತು ಅಜ್ಜಿ?"

ಕನ್ನಡದಲ್ಲಿ ಕೇಳಿದಳು. ಆ ಸಂತೋಷವನ್ನು ಎಲ್ಲಿಡಲೆಂದು ತಿಳಿಯದೆ ಹೋದರೂ, ಆ ಪ್ರಶ್ನೆಯನ್ನು ಮಾತ್ರ ನಾನು ಬಯಸಿರಲಿಲ್ಲ. ನಮ್ಮ ಮನೆಯಲ್ಲಿ ಈ ಕತೆ ಹದಿಮೂರನೆಯ ದಿನಕ್ಕೆ ನಿಲ್ಲುತ್ತದೆ. ನನ್ನ ಅಜ್ಜಿ ಅಲ್ಲಿಗೆ ಬಂದ ಕೂಡಲೇ ಅಡುಗೆಮನೆಗೆ ಎದ್ದು ಹೋಗುತ್ತಿದ್ದರು. ಆ ರೈತರ ದಂಡಿಗೆ ಅಕ್ಕಿ ಹೊತ್ತವರಲ್ಲಿ ನಮ್ಮ ಹಿರಿಯನೊಬ್ಬನಿದ್ದ. ಹೊರಗೆ ಯಾರಾದರೂ ಕೇಳಿದರೆ ಅವ ನಮ್ಮವನಲ್ಲ ಎನ್ನಬೇಕೆಂದು ಮಕ್ಕಳಿಗೆ ಕಲಿಸುತ್ತಿದ್ದರು. ನಾನೂ ಅಜ್ಜಿಯ ಹಾಗೆಯೇ ಅಡುಗೆಮನೆಗೆ ಎದ್ದೆ.

"ಆಟ ಸೋಲುವಾಗಲೇ ಅಜ್ಜಿಗೆ ಅಡುಗೆ ನೆನಪಾಗ್ತದೆ" ಎಂದು ದಿಶಾ ಅಪ್ಪನ ಹತ್ತಿರ ದೂರಿದಳು.

ನನ್ನ ತಪ್ಪು ಗೊತ್ತಾದದ್ದು ಆಮೇಲೆ. ಶುಕ್ರವಾರದ ಕನ್ನಡ ತರಗತಿಯಲ್ಲಿ ಹೇಳಲು ಈ ಕತೆಯನ್ನೇ ಬರೆದುಕೊಂಡಿದ್ದಳು, ಕೊನೆಯ ಸಾಲು: "ನಾವು ಗೆದ್ದೆವು." ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಮಗು ನಾಲ್ಕು ಜನರೆದುರು ನಗೆಪಾಟಲಾಗುವುದೇ? ಕತೆಯ ಕೊನೆ ಹೇಳಿದರೆ ಹೆದರಿ, ಈಗಷ್ಟೇ ತೆರೆದ ಕನ್ನಡದ ಬಾಯಿ ಮತ್ತೆ ಮುಚ್ಚಿಕೊಂಡರೆ?

"ಗಲ್ಲು ಗಿಲ್ಲು ಎಲ್ಲ ಬೇಡ ಅಮ್ಮ, ಸಣ್ಣವಳು" ಎಂದ ಮಗ.

ಆದರೂ ಹೇಳಿದೆ. ಕಣ್ಣೂರಿನಿಂದ ಕುಂಪಣಿಯ ಸೈನ್ಯ ಸಮುದ್ರದ ಮೇಲೆ ಬಂತು ಎನ್ನುತ್ತ ಮಂಗಳೂರಿನ ಗುಳಿಯಿಂದ ಕಾಯಿಗಳನ್ನು ಒಂದೊಂದೇ ಎತ್ತಿದೆ. ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರೆಂದೆ. ಒಂದು ಕಾಯಿಯನ್ನು ಮಾತ್ರ ಸುಳ್ಯಕ್ಕೆ ಮರಳಿಸಿದೆ. "ಇವ ನಮ್ಮವ. ಹೆದರಿ ಓಡಿ ಬಂದ."

ದಿಶಾ ಆ ಕಾಯಿಯನ್ನು ಬೆರಳಿನಿಂದ ಮುಟ್ಟಿದಳು. "ಅವ ಮನೆಗೆ ಬಂದಾಗ ಬಾಗಿಲು ಯಾರು ತೆಗೆದ್ರು?"

ಇಷ್ಟು ತಲೆಮಾರಿನಲ್ಲಿ ನಮ್ಮಲ್ಲಿ ಯಾರೂ ಕೇಳದ ಮಾತು. ಅಂಥವನನ್ನು ಒಳಗೆ ಸೇರಿಸಿಕೊಂಡರೆ ಮನೆಗೇ ಆಪತ್ತು ಎಂದು ಗೊತ್ತಿದ್ದೂ, ಕತ್ತಿ ಹಿಡಿಯದ ಯಾವುದೋ ಕೈ ಅಗುಳಿ ಸರಿಸಿರಲೇಬೇಕಲ್ಲವೇ?

"ಅವನ ಹೆಂಡತಿ ಇರಬೇಕು ಮಗಾ."

"ಅವರಿಗೆ ಹೆದರಿಕೆ ಆಗ್ಲಿಲ್ವಾ?"

"ಆಗದೆ ಇರ್ತದಾ?"

ಶುಕ್ರವಾರ ತರಗತಿಯಲ್ಲಿ ಅವಳು ಎದ್ದು ನಿಂತು ಹದಿಮೂರನೆಯ ದಿನಕ್ಕೆ ಬಂದಾಗ, ಹಿರಿಯರ ಸಾಲಿನಲ್ಲಿ ಕೂತಿದ್ದ ನಾನು ಕುರ್ಚಿಯ ಅಂಚಿಗೆ ಸರಿದೆ. ಅವಳು ನಿಲ್ಲಲಿಲ್ಲ. "ನಮ್ಮ ತುಂಬ ಹಿಂದಿನ ಒಬ್ಬ ಅಜ್ಜ ಹೆದರಿ ಮನೆಗೆ ಬಂದ್ರು. ಅವರ ಹೆಂಡತಿ ಹೆದರಿಕೊಂಡೇ ಬಾಗಿಲು ತೆಗೆದ್ರು. ಅವರ ಹೆಸರು ನಮಗೆ ಗೊತ್ತಿಲ್ಲ" ಎಂದು ಹೇಳಿ ಕೂತಳು.

ಪಕ್ಕದ ಕುರ್ಚಿಯ ಉಡುಪಿಯ ಹೆಂಗಸು ನನ್ನತ್ತ ಬಾಗಿ, "ಇದು ನಿಮ್ಮ ಮನೆಯದ್ದೇ ಕತೆಯಾ?" ಎಂದು ಕೇಳಿದರು. ಅಲ್ಲ ಎನ್ನಲು ಬಾಯಿ ತಾನಾಗಿ ತೆರೆಯಿತು, ಕಲಿಸಿದ್ದೇ ಹಾಗೆ. ಮೊಮ್ಮಗಳು ಅತ್ತಲಿಂದ ನನ್ನನ್ನೇ ನೋಡುತ್ತಿದ್ದಳು.

"ಹೌದು, ನಮ್ಮದೇ" ಎಂದೆ, ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡುತ್ತ.