ದೊಡ್ಡಕ್ಕೋರು ಇಲ್ಲದ ಮನೆ

ದೊಡ್ಡ ಸಿಸ್ಟರ್ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಕೊಂಕಣಿ ನಿಂತುಹೋಯಿತು. ಅದು ನನ್ನ ಗಮನಕ್ಕೆ ಬಂದದ್ದು ಒಂದು ಬೆಳಿಗ್ಗೆ ಹಾಲು ಉಕ್ಕಿದಾಗ. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ವಾಸನೆ ಹಿಡಿದು "ದೂದ್, ದೂದ್!" ಎಂದು ಕೂಗಿಕೊಂಡು ಓಡಿಬಂದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಗ್ಯಾಸ್ ಆರಿಸಿ ಕಟ್ಟೆ ಒರೆಸುವಾಗ ಲೆಕ್ಕ ಹಾಕಿದೆ: ಅಂತ್ಯಕ್ರಿಯೆ ಮುಗಿಸಿ ಬಂದ ಮೇಲೆ ನನ್ನ ಬಾಯಿಂದ ಬಂದ ಮೊದಲ ಕೊಂಕಣಿ ಮಾತು ಅದೇ.

ನಾನು ಕ್ರೈಸ್ತ ಸನ್ಯಾಸಿನಿ, ಕಲಿತದ್ದು ನರ್ಸಿಂಗ್. ಹುಟ್ಟಿದ್ದು ಕಾರವಾರದ ಪಕ್ಕದ ಸದಾಶಿವಗಡದಲ್ಲಿ. ಅಂಕೋಲೆಯಿಂದ ಘಟ್ಟದ ಕಡೆ ಹೋಗುವ ಬಸ್ಸು ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿದು, ಹೊಳೆಯ ಸಂಕ, ಅಂದರೆ ಕಾಲುಸೇತುವೆ, ದಾಟಿ, ಕಾಡುದಾರಿಯಲ್ಲಿ ಒಂದಷ್ಟು ನಡೆದರೆ ಒಕ್ಕಲು ಮನೆಗಳ ಒಂದು ಕೇರಿ ಸಿಗುತ್ತದೆ. ಅಲ್ಲಿ ನಮ್ಮ ಮಿಶನ್ನಿನ ದವಾಖಾನೆ. ಮುಂದೆ ಎರಡು ಕೋಣೆ ದವಾಖಾನೆ, ಹಿಂದೆ ಎರಡು ಕೋಣೆ ನಮ್ಮ ಮನೆ. ಊರಿನಲ್ಲಿ ಕ್ರೈಸ್ತರೆಂದರೆ ನಾವಿಬ್ಬರೇ. ಯಾರನ್ನೂ ನಮ್ಮ ಮತಕ್ಕೆ ಕರೆಯಲು ನಾವು ಹೋದವರಲ್ಲ, ಯಾರೂ ಬರಲೂ ಇಲ್ಲ. ಊರವರು ದೊಡ್ಡ ಸಿಸ್ಟರನ್ನು ದೊಡ್ಡಕ್ಕೋರು ಎನ್ನುತ್ತಿದ್ದರು, ನನ್ನನ್ನು ಸಣ್ಣಕ್ಕೋರು.

ದೊಡ್ಡ ಸಿಸ್ಟರ್ ಮಂಗಳೂರು ಕಡೆಯವರು. ನನ್ನ ಕಾರವಾರದ ಕೊಂಕಣಿ ಅವರಿಗೆ ಅರ್ಧ ಮರಾಠಿಯ ಹಾಗೆ ಕೇಳಿಸುತ್ತಿತ್ತಂತೆ. ನಾನು ಒಂದು ಮಾತು ಆಡಿದರೆ ಅದನ್ನೇ ತಮ್ಮ ರಾಗದಲ್ಲಿ ಹೇಳಿ ತೋರಿಸಿ ನಗುತ್ತಿದ್ದರು. ಸಾರಿನ ಹುಳಿ, ಕಿಟಕಿ ತೆರೆಯುವುದು, ರೇಡಿಯೊ ಸದ್ದು, ಹೀಗೆ ಸಣ್ಣಪುಟ್ಟದಕ್ಕೆಲ್ಲ ನಾವು ಜಗಳವಾಡುತ್ತಿದ್ದೆವು. ಸಂಜೆ ಜಪಮಾಲೆಗೆ ಕುಳಿತರೆ ಜಗಳ ಮುಗಿಯಿತು. ಜಪಮಾಲೆಯ ಪ್ರಾರ್ಥನೆಗೆ ಎರಡು ಭಾಗ. ಒಬ್ಬರು ಮೊದಲ ಭಾಗ ಹೇಳಿದರೆ ಇನ್ನೊಬ್ಬರು ಉಳಿದದ್ದನ್ನು ಹೇಳಿ ಮುಗಿಸಬೇಕು. ಎಷ್ಟೋ ವರ್ಷ ಮೊದಲ ಭಾಗ ಅವರದು, ಎರಡನೆಯದು ನನ್ನದು.

ಮಳೆಗಾಲ ಶುರುವಾಗುವ ಮೊದಲು ಒಂದು ಮಧ್ಯಾಹ್ನ ಅವರು ಬ್ಯಾಂಡೇಜ್ ಬಟ್ಟೆ ಕತ್ತರಿಸುತ್ತಾ ಕುಳಿತವರು ಕತ್ತರಿ ಕೆಳಗೆ ಬೀಳಿಸಿದರು. ಎತ್ತಿಕೊಟ್ಟೆ. ಮತ್ತೆ ಬಿತ್ತು. ಮುಖ ನೋಡಿದರೆ ಬಾಯಿ ಒಂದು ಕಡೆ ವಾಲಿತ್ತು. ಊರವರು ಕುರ್ಚಿಗೆ ಬಿದಿರು ಕಟ್ಟಿ, ಅವರನ್ನು ಕೂರಿಸಿ, ಸಂಕ ದಾಟಿಸಿ ರಸ್ತೆಗೆ ತಂದರು. ಕಾರವಾರದ ಆಸ್ಪತ್ರೆಯಲ್ಲಿ ಒಂದು ವಾರ ಇದ್ದರು, ಒಂದು ಮಾತೂ ಆಡಲಿಲ್ಲ. ಕೈ ಹಿಡಿದರೆ ಒತ್ತುತ್ತಿದ್ದರು. ಆಮೇಲೆ ಅದೂ ನಿಂತಿತು.

ಕಾರವಾರದಲ್ಲೇ ಮಣ್ಣು ಮಾಡಿದರು. ಎಲ್ಲವೂ ಕ್ರಮವಾಗಿ ನಡೆಯಿತು. ಚರ್ಚಿನಲ್ಲಿ ಪೂಜೆ, ಹಾಡು, ಸಿಸ್ಟರುಗಳ ಸಾಲು. ಮಂಗಳೂರಿನಿಂದ ಅವರ ಅಣ್ಣನ ಮಗ ಬಂದಿದ್ದ. ಅತ್ತೆಯನ್ನು ಚಿಕ್ಕಂದಿನಲ್ಲಿ ಒಮ್ಮೆ ನೋಡಿದ್ದೆ ಎಂದ. ಕಾರವಾರದ ನಮ್ಮ ಮಠದ ಮುಖ್ಯಸ್ಥೆ ಮದರ್ ನನ್ನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ದಿನ ಒಬ್ಬಳೇ ಸುಧಾರಿಸ್ತೀಯಾ? ಯಾರನ್ನಾದರೂ ಕಳಿಸ್ತೇನೆ" ಎಂದರು. ಆಯಿತು ಎಂದೆ. ಅವರಲ್ಲೂ ಕಳಿಸಲು ಜನರಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಈಗ ಕೇರಿಯವರ ಮನೆಗಳಲ್ಲಿ ಬೈಕು ಇದೆ. ಜ್ವರ ಬಂದರೂ ಅಂಕೋಲೆಗೇ ಹೋಗುತ್ತಾರೆ, ಹೋಗಲೂ ಬೇಕು. ನನ್ನ ಹತ್ತಿರ ಬರುವವರು ಗಾಯಕ್ಕೆ ಔಷಧಿ ಹಚ್ಚಿಸಿಕೊಳ್ಳುವವರು, ಬಿ.ಪಿ. ನೋಡಿಸಿಕೊಳ್ಳುವ ಮುದುಕಿಯರು. ಹನ್ನೊಂದು ಗಂಟೆಯ ಹೊತ್ತಿಗೆ ದವಾಖಾನೆ ಖಾಲಿ. ಸಂಜೆ ಜಪಮಾಲೆಯ ಎರಡೂ ಭಾಗ ನಾನೇ ಹೇಳಿಕೊಳ್ಳುತ್ತಿದ್ದೆ. ಕೆಲವು ದಿನ ಮೊದಲ ಭಾಗ ಹೇಳಿ ಸುಮ್ಮನಾಗುತ್ತಿದ್ದೆ, ಇನ್ನೊಬ್ಬರು ಮುಗಿಸಲಿ ಎಂಬಂತೆ. ಶನಿವಾರ ಬಸ್ ನಿಲ್ದಾಣದ ಹತ್ತಿರ ಮೀನು ಮಾರಲು ಬರುವ ಹೆಂಗಸೊಬ್ಬಳಿಗೆ ಕೊಂಕಣಿ ಬರುತ್ತಿತ್ತು. ಮೀನು ಬೇಡವಾದ ದಿನವೂ ಅವಳ ಬುಟ್ಟಿಯ ಮುಂದೆ ನಿಂತು ಬಂಗಡೆ ಇದೆಯಾ, ತಾರ್ಲೆ ಇದೆಯಾ ಎಂದು ಕೇಳುತ್ತಿದ್ದೆ.

ಹೀಗಿರುವಾಗ ಒಂದು ದಿನ ಕೇರಿಯ ಏಳೆಂಟು ಹೆಂಗಸರು ಒಟ್ಟಾಗಿ ಬಂದು ಜಗಲಿಯ ಮೇಲೆ ಕುಳಿತರು. ಮುಂದೆ ಇದ್ದವಳು ಹೊಳೆ ಬದಿಯ ಮನೆಯವಳು. ನನಗಿಂತ ದೊಡ್ಡವಳು, ಕೊರಳ ತುಂಬ ಮಣಿಸರ. ಅವಳಿಗೆ ಮಗಳು ಹುಟ್ಟಿದಾಗ ಹೆರಿಗೆ ಮಾಡಿಸಿದ್ದು ದೊಡ್ಡ ಸಿಸ್ಟರ್. ಆ ಮಗಳನ್ನು ಈಗ ಅವರ್ಸಾಕ್ಕೆ ಕೊಟ್ಟಿದೆ.

"ಸಣ್ಣಕ್ಕೋರೇ, ದೊಡ್ಡಕ್ಕೋರಿಗೆ ಅಲ್ಲಿ ಯಾರು ಅತ್ರು?" ಎಂದಳು.

"ಪ್ರಾರ್ಥನೆ ಮಾಡಿದೆವು. ಹಾಡಿದೆವು."

"ಅದು ಸಮಾ ಆಯ್ತು. ಅತ್ತದ್ದು ಯಾರು?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ನೀವೂ ಅಳ್ಲಿಲ್ಲಾ? ಅಳೂಕಾಗ್ದು ಅಂತ ನಿಮ್ಮಲ್ಲಿ ಕಾನೂನ ಅದ್ಯಾ?"

ಉತ್ತರಕ್ಕೆ ಕಾಯದೆ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಂಬಕ್ಕೆ ಒರಗಿ, ರಾಗವೆತ್ತಿ ಅಳತೊಡಗಿದಳು. "ಸಂಕ ಇಲ್ದ ಹೊಳೆ ದಾಟಿ ಬಂದ್ಯಲ್ಲೇ ಅವ್ವಾ. ನಮ್ಮ ಮಕ್ಕಳ ಹೊಕ್ಳಬಳ್ಳಿ ಕೊಯ್ದ್ಯಲ್ಲೇ. ನಿನ್ನ ಹೊಟ್ಟೇಲಿ ಒಂದೂ ಹುಟ್ಲಿಲ್ಲಲ್ಲೇ. ಒಬ್ಳೇ ಇದ್ದಾಗ ಹೊಳೆ ಕಲ್ಲಮೇಲೆ ಕೂತು ಅತ್ಯಲ್ಲೇ. ನಿನಗೆ ನಾವು ಅಳೂದು ಬ್ಯಾಡ್ವನೇ." ಉಳಿದವರು ದನಿಗೂಡಿಸಿದರು. ಬದುಕಿದ್ದಾಗ ಬಹುವಚನದಲ್ಲಿ ಕರೆದವರನ್ನು ಈಗ ಏಕವಚನದಲ್ಲಿ, ತಮ್ಮ ಮನೆಯ ಹೆಂಗಸನ್ನು ಕರೆದಂತೆ ಕರೆಯುತ್ತಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದವಳು ಕೆಳಗೆ ಕುಳಿತುಬಿಟ್ಟೆ. ನನ್ನ ಗಂಟಲಿನಿಂದ ಎಂಥದೋ ದನಿ ಬಂತು. ಒಬ್ಬಳು ನನ್ನ ಬೆನ್ನ ಮೇಲೆ ಕೈಯಿಟ್ಟಳು.

ಎಲ್ಲರೂ ಹೋದ ಮೇಲೆ ಹೊಳೆ ಬದಿಯವಳು ಉಳಿದಳು. ನಾನು ಕೇಳಿದೆ: "ದೊಡ್ಡ ಸಿಸ್ಟರ್ ಹೊಳೆಯ ಹತ್ತಿರ ಅಳ್ತಿದ್ದರಾ? ಯಾವಾಗ?"

"ನೀವು ಬರೂಕಿಂತ ಮೊದ್ಲು. ಅವ್ರ ಜೊತೆಗಿದ್ದೋರು ಹೋಗಿಬಿಟ್ರು. ಎರಡು ಮಳೆಗಾಲ ಒಬ್ರೇ ಇದ್ರು. ಬೈಸಾರಿ ಹೊತ್ತು ಮುಳುಗೂವಾಗ ಕಲ್ಲಮೇಲೆ ಕೂತಕಂಡು ಎಂತಾದ್ರೂ ಹೇಳ್ಕಂಡು ಅಳೂದು. ನಾ ಹೋಗಿ ಹತ್ರ ಕೂತ್ಕಂತಿದ್ದೆ."

"ಏನು ಹೇಳ್ತಿದ್ದರು?"

"ನನಗೆಲ್ಲಿ ತಿಳೀಬೇಕು? ನಿಮ್ಮ ಮಾತಲ್ಲಿ ಹೇಳೂದು. ನಾ ಹೂಂ ಹೂಂ ಅಂತಿದ್ದೆ."

ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೆವು. ಇದನ್ನು ಅವರು ನನಗೆ ಹೇಳಿರಲೇ ಇಲ್ಲ. ನಾನು ಮೊದಲ ಸಲ ಆ ಮನೆಗೆ ಬಂದ ದಿನ ಅವರು ನನ್ನ ಚೀಲ ಕಸಿದುಕೊಂಡು, ಊಟಕ್ಕೆ ಮೊದಲೇ ಎರಡು ಸಲ ಚಹಾ ಕೊಟ್ಟು, ಸುಮ್ಮನೆ ಮಾತಾಡಿದ್ದೇ ಮಾತಾಡಿದ್ದು. ಎಂಥ ಬಾಯಿಬಡುಕಿ ಎಂದುಕೊಂಡಿದ್ದೆ. ಅವರು ಹೇಳಿಕೊಂಡ ದುಃಖ ಅರ್ಥವಾಗುವ ಒಬ್ಬಳು ಆಗ ಅಲ್ಲಿರಲಿಲ್ಲ. ಇದ್ದವಳಿಗೆ ಅರ್ಥವಾಗಿರಲಿಲ್ಲ. ಆದರೂ ಅವಳು ದಿನವೂ ಹೋಗಿ ಕುಳಿತಿದ್ದಳು.

ನವೆಂಬರಿನಲ್ಲಿ, ತೀರಿಕೊಂಡವರ ಸಮಾಧಿಗೆ ಹೂವಿಟ್ಟು ಪ್ರಾರ್ಥಿಸುವ ದಿನ, ನಾನು ಕಾರವಾರಕ್ಕೆ ಹೊರಟಾಗ ಹೊಳೆ ಬದಿಯವಳೂ ಬರುತ್ತೇನೆಂದಳು. ಅಬ್ಬಲಿಗೆ ಹೂವಿನ ದಂಡೆ ಕಟ್ಟಿ ಬಾಳೆಲೆಯಲ್ಲಿ ಸುತ್ತಿ ತಂದಿದ್ದಳು. ಬಸ್ಸು ಅವರ್ಸಾ ದಾಟುವಾಗ ಕಿಟಕಿಯಿಂದ ಬಗ್ಗಿ ಮಗಳ ಮನೆಯ ಓಣಿ ನೋಡಿದಳು. ತೋಡೂರು ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಸ್ಮಶಾನದಲ್ಲಿ ಸಿಸ್ಟರುಗಳ ಸಮಾಧಿಗಳೆಲ್ಲ ಒಂದೇ ಅಳತೆ, ಒಂದೇ ಬಗೆಯ ಶಿಲುಬೆ. "ಇದ್ರಲ್ಲಿ ನಮ್ಮೋರದ್ದು ಯಾವ್ದು?" ಎಂದಳು. ತೋರಿಸಿದೆ. ದಂಡೆಯನ್ನು ಶಿಲುಬೆಗೆ ಮುಡಿಸಿ, ಹುಲ್ಲು ಕಿತ್ತು, ಅಂಗೈಯಿಂದ ಮಣ್ಣು ಸಮ ಮಾಡಿದಳು. ಆಮೇಲೆ ಪಕ್ಕದ ಖಾಲಿ ಜಾಗ ನೋಡಿ ಕೇಳಿದಳು:

"ಇದು ಯಾರಿಗೆ?"

"ಮುಂದೆ ಹೋಗುವವರಿಗೆ. ನನಗೂ ಆಗಬಹುದು."

ಅವಳು ಆ ನೆಲವನ್ನೇ ನೋಡುತ್ತ ನಿಂತಳು. "ಬಂದು ಅಳೂಕೆ ದೂರ ಆತದೆ. ಅಷ್ಟ್ರೊಳಗೆ ನಾ ಇರೂದೂ ಇಲ್ಲ" ಎಂದಳು.

ಅಂದೇ ಮದರ್ ನನ್ನನ್ನು ಕರೆದು ದವಾಖಾನೆ ಮುಚ್ಚುವ ಮಾತೆತ್ತಿದರು. ಅಲ್ಲಿ ಇನ್ನು ಕೆಲಸವೇನಿದೆ ಎಂದು ಕೇಳಿದರು. ಕೆಲಸ ಕಡಿಮೆ, ಹೌದು ಎಂದೆ. ಕಾರವಾರಕ್ಕೆ ಬಾ, ಇಲ್ಲಿ ಹತ್ತು ಜನರಿದ್ದೇವೆ ಎಂದರು. ನಾನು ಇನ್ನೊಂದು ವರ್ಷ ಅಲ್ಲೇ ಇರುತ್ತೇನೆ ಎಂದೆ. ಅವರು ನನ್ನ ಮುಖ ನೋಡಿ, ಆಗಲಿ ಎಂದರು.

ಸಂಜೆಯ ಬಸ್ಸಿನಲ್ಲಿ ಮರಳಿದೆವು. ಸಂಕ ದಾಟಿದ ಮೇಲೆ ಅವಳ ದಾರಿ ಎಡಕ್ಕೆ, ನನ್ನದು ನೇರ. "ನಾಳೆ ಬತ್ತೆ, ಮೊಣಕಾಲಿಗೆ ಮುಲಾಮ ಬೇಕು" ಎಂದು ಹೇಳಿ ಹೋದಳು. ನಾನು ಬೀಗ ತೆಗೆದು, ದೀಪ ಹಾಕಿ, ಒಬ್ಬಳಿಗೆ ಸಾಕಾಗುವಷ್ಟು ಅಕ್ಕಿ ತೊಳೆದೆ.