ಶಾಹಿದಾಳಿಗೊಂದು ಕವನ ಸಂಕಲನ

ಒಂದು ಪುಸ್ತಕ ಕೊಳ್ಳಲು ಎಷ್ಟು ಹೊತ್ತು ಬೇಕು? ಮೊನ್ನೆ ಶನಿವಾರ ಚಿತ್ರದುರ್ಗದ ಪುಸ್ತಕದಂಗಡಿಯೊಂದರಲ್ಲಿ ನನಗೆ ಎರಡು ಗಂಟೆ ಹಿಡಿಯಿತು. ಅಂಗಡಿಯವರು ಮೊದಲು ಸ್ಟೂಲ್ ಕೊಟ್ಟರು. ಆಮೇಲೆ ಟೀ ತರಿಸಿದರು. ಕೊನೆಗೆ ಅನುಮಾನದಿಂದ ನೋಡತೊಡಗಿದರು.

ಹೊಳಲ್ಕೆರೆಯಲ್ಲಿ ಹನ್ನೊಂದು ವರ್ಷದಿಂದ ಕನ್ನಡ ಪಾಠ ಮಾಡುವವಳು ನಾನು. ಒಳ್ಳೆಯ ಕವನ ಸಂಕಲನ ಯಾವುದು ಎಂದು ಯಾರಾದರೂ ಕೇಳಿದರೆ ನಿಂತಲ್ಲೇ ನಾಲ್ಕು ಹೆಸರು ಹೇಳಬಲ್ಲೆ. (ಅದರಲ್ಲಿ ಎರಡನ್ನು ಪೂರ್ತಿ ಓದಿಲ್ಲ. ನಿಮ್ಮಲ್ಲೇ ಇರಲಿ.) ಆದರೆ ಈ ಸಲ ಕೇಳಿದವಳು ಶಾಹಿದಾ.

ಶಾಹಿದಾ ನನ್ನ ಬಿ.ಎ. ಗೆಳತಿ. ತೊಂಬತ್ತರ ದಶಕದ ಆರಂಭದಲ್ಲಿ ದುರ್ಗದ ಕಾಲೇಜಿನಲ್ಲಿ ನಮ್ಮದು ಒಂದೇ ಬೆಂಚು. ಫೈನಲ್ ಇಯರ್ ಮುಗಿಯುವ ಮೊದಲೇ ಮದುವೆಯಾಗಿ ಹಿರಿಯೂರಿಗೆ ಹೋದಳು. ಈಗ ಗಂಡನ ಜೊತೆ ಅಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತಾಳೆ. ಈ ಅಂಕಣ ಓದಿ, ಪತ್ರಿಕೆಯವರಿಂದ ನಂಬರ್ ಪಡೆದು ಹೋದ ತಿಂಗಳು ಫೋನ್ ಮಾಡಿದ್ದಳು.

“ಲೇ, ನಾನು ಕಣೇ. ದಿನಾ ನೂರಾರು ಹಾಳೆ ನನ್ ಕಣ್ಮುಂದೆ ಹೋಗ್ತವೆ. ರೇಷನ್ ಕಾರ್ಡು, ಪಹಣಿ, ಮಾರ್ಕ್ಸ್ ಕಾರ್ಡು. ಒಂದ್ರಾಗೂ ಪದ್ಯ ಇರಲ್ಲ. ಒಂದು ಒಳ್ಳೆ ಸಂಕಲನ ಹುಡುಕಿ ಕಳ್ಸು. ಒಂದೇ ಸಾಕು. ಮಧ್ಯಾಹ್ನ ಕರೆಂಟ್ ಹೋದಾಗ ಓದ್ಕಂತೀನಿ.”

ಹಾಗಾಗಿ ಆರು ಸಂಕಲನಗಳನ್ನು ಎದುರಿಗಿಟ್ಟುಕೊಂಡು ಕುಳಿತೆ. ಒಂದರಲ್ಲಿ ಸಾವಿರ ವರ್ಷದ ಕವಿತೆಗಳಿದ್ದವು; ಕರೆಂಟ್ ಬೇಗ ಬಂದುಬಿಟ್ಟರೆ ಅವಳು ಹಳಗನ್ನಡವನ್ನೇ ದಾಟುವುದಿಲ್ಲ. ಒಂದರಲ್ಲಿ ಸಂಪಾದಕರ ಮುನ್ನುಡಿಯೇ ಅರ್ಧ ಪುಸ್ತಕ. ಮತ್ತೊಂದರಲ್ಲಿ ಪುಟಗಟ್ಟಲೆ ಕವಿಗಳು, ಹೆಂಗಸರು ಐವರೇ. ಇನ್ನೊಂದು ಚೆನ್ನಾಗಿತ್ತು, ಅಕ್ಷರ ಮಾತ್ರ ಸಾಸಿವೆಯಷ್ಟು.

“ಯಾರಿಗೆ ಮೇಡಂ?” ಅಂಗಡಿಯವರು ಕೇಳಿದರು. “ಪ್ರೈಜಿಗಾದ್ರೆ ಇದನ್ನ ತಗಳ್ರಿ. ದಪ್ಪ ಐತೆ. ಸ್ಟೇಜ್ ಮೇಲೆ ಚೆನ್ನಾಗಿ ಕಾಣ್ತೈತೆ.”

ಯಾರಿಗೆ? ನನಗೆ ಗೊತ್ತಿದ್ದ ಶಾಹಿದಾಳಿಗೆ ಹತ್ತೊಂಬತ್ತು ವರ್ಷ. ಕ್ಯಾಂಟೀನಿನ ಹಿಂದಿನ ಬಂಡೆಯ ಮೇಲೆ ಚಪ್ಪಲಿ ಬಿಟ್ಟು ಕುಳಿತು, ಕಣ್ಣು ಮುಚ್ಚಿ ಪದ್ಯ ಹೇಳುತ್ತಿದ್ದವಳು. ಈಗಿನವಳಿಗೆ ಏನಿಷ್ಟವೋ! ಪಕ್ಕದ ಎಸ್‌ಟಿಡಿ ಬೂತಿಗೆ ಹೋಗಿ ಅವಳನ್ನೇ ಕೇಳಿದೆ.

“ನಂಗೇನ್ ಗೊತ್ತೇ? ಅದನ್ನ ನೋಡ್ಕಣಾಕೇ ಪುಸ್ತಕ ಕೇಳಿದ್ದು.”

ವಾಪಸ್ ಬಂದು ಮುನ್ನುಡಿ ನೋಡುವುದನ್ನು ಬಿಟ್ಟೆ. ಪುಸ್ತಕವನ್ನು ಎಲ್ಲೆಂದರಲ್ಲಿ ತೆರೆದು, ಬಂದ ಪುಟವನ್ನು ಮೆಲ್ಲಗೆ ಬಾಯಿಬಿಟ್ಟು ಓದಿದೆ. ಒಂದು ತೆಳ್ಳನೆಯ ಸಂಕಲನದಲ್ಲಿ ಮೂರು ಸಲ ಹೀಗೆ ಮಾಡಿದೆ. ಮೂರು ಸಲವೂ ಪುಟ ತಿರುಗಿಸಲು ಮನಸ್ಸಾಗಲಿಲ್ಲ. ಅದನ್ನೇ ಕೊಂಡೆ. ಕೊರಿಯರ್ ಮಾಡಲು ಕೈ ಬರಲಿಲ್ಲ. ಹಿರಿಯೂರು ಬಸ್ ಹತ್ತಿದೆ.

ಅವಳು ಮಷೀನಿನ ಮುಂದೆ ನಿಂತಿದ್ದಳು. ಬೆರಳ ತುದಿಯೆಲ್ಲ ಕಪ್ಪು ಪುಡಿ. “ಬಂದೇಬಿಟ್ಟೆಯೇನೇ! ಕುಂತ್ಕ,” ಎಂದು ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡಳು. ನಿಂತಲ್ಲೇ ನಡುವಿನ ಪುಟ ತೆರೆದಳು. ಪಹಣಿ ಹಿಡಿದು ಬಂದ ಹಿರಿಯರೊಬ್ಬರು “ಮೂರು ಕಾಪಿ ಕಣಮ್ಮಾ” ಎಂದರು. ತಲೆಯೆತ್ತದೆ, ತಡೆಯಿರಿ ಎಂದು ಕೈ ಮಾಡಿದಳು. ಪದ್ಯ ಮುಗಿಯುವ ತನಕ ಅವರು ಸುಮ್ಮನೆ ಕಾದರು.

ಅವರು ಹೋದ ಮೇಲೆ ಮೆಲ್ಲಗೆ ಕೇಳಿದಳು. “ನನ್ ನೋಟ್‌ಬುಕ್ ನಿನ್ ಹತ್ರ ಐತಾ?”

ಕಾಲೇಜಿನ ದಿನಗಳಲ್ಲಿ ಅವಳು ಪದ್ಯ ಬರೆಯುತ್ತಲೂ ಇದ್ದಳು. ಮದುವೆಯ ಹಿಂದಿನ ವಾರ ಆ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, “ಅಲ್ಲಿಗೆ ತಗಂಡು ಹೋಗಾಕೆ ಧೈರ್ಯ ಇಲ್ಲ, ಇಟ್ಕಂಡಿರು” ಎಂದಿದ್ದಳು. ನಾನು ಎರಡು ಮನೆ ಬದಲಾಯಿಸಿದೆ. ಅದು ಎಲ್ಲಿ ಹೋಯಿತೋ ತಿಳಿಯದು. ಮನೆಯಲ್ಲೇ ಇದೆ ಎಂದು ಸುಳ್ಳು ಹೇಳುವ ಆಸೆಯಾಯಿತು. ಕಳೆದುಹೋಯಿತು ಎಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. ನಕ್ಕಳು. “ಆವಾಗ್ಲೇ ನಮ್ದೊಂದು ಜೆರಾಕ್ಸ್ ಅಂಗ್ಡಿ ಇರ್ಬೇಕಿತ್ತು.” ಪುಸ್ತಕದ ಮೇಲೆ ಬಿದ್ದ ಪುಡಿ ಒರೆಸುತ್ತ, “ಹೋಗ್ಲಿ, ಒಂದ್ ಸಾಲಾದ್ರೂ ನೆನಪೈತಾ?”

ಪರೀಕ್ಷೆಗೆ ಬರುವ ಪದ್ಯಗಳೆಲ್ಲ ನನಗೆ ಬಾಯಿಪಾಠ. ಅವಳ ದುಂಡನೆಯ ಅಕ್ಷರ ನೆನಪಿದೆ. ಹಸಿರು ಇಂಕು ನೆನಪಿದೆ. ಸಾಲು ಮಾತ್ರ ಇಲ್ಲ.

“ನಂಗೂ ಇಲ್ಲ ಬಿಡೇ,” ಎಂದು ಅವಳು ಮಷೀನಿನ ಕಡೆ ತಿರುಗಿದಳು.

ವಾಪಸ್ ಬರುವಾಗ ಕಿಟಕಿಗೆ ತಲೆಯಾನಿಸಿ, ಒಂದು ಪದವಾದರೂ ಸಿಕ್ಕೀತೇ ಎಂದು ಹುಡುಕಿದೆ. ದುರ್ಗ ಬಂತು. ಬಸ್ ಬದಲಾಯಿಸಿದೆ. ಹೊಳಲ್ಕೆರೆಯೂ ಬಂತು.

ನಿಮಗೆ ಬಾಯಿಗೆ ಬರುವ ಪದ್ಯಗಳಲ್ಲಿ ನಿಮ್ಮ ಗೆಳತಿ ಬರೆದದ್ದು ಒಂದಾದರೂ ಇದೆಯೇ?